ಸ್ಟೆಲ್ಲಕ್ಕನಿಗೆ ಸಂಜೆಯ ಸಾಲು

ನಜ್ಮಾ, ದೋಹಾ
ಶುಕ್ರವಾರ, ೧೪ ನವೆಂಬರ್ ೨೦೨೫

ಪ್ರೀತಿಯ ಮಗಳೇ ನಿಶ್ಮಿತಾ,

ಮೂಲ್ಕಿಯ ಮನೆಯಲ್ಲಿರುವ ನಿನಗೆ, ಮಂಚದ ಮೇಲಿರುವ ನಿನ್ನ ಅಮ್ಮನಿಗೆ, ಅಂದರೆ ನನ್ನ ಸ್ಟೆಲ್ಲಕ್ಕನಿಗೆ, ಯಾರು ಬಂದರೂ ಬೊಗಳದೆ ಬಾಗಿಲಲ್ಲಿ ಬಿದ್ದುಕೊಂಡಿರುವ ಆ ಸೋಮಾರಿ ನಾಯಿಗೆ ಕೂಡ ಡೆರಿಕ್ ಮಾಮನ ಪ್ರೀತಿ ಮತ್ತು ನಮಸ್ಕಾರ. ನಾನು ಇಲ್ಲಿ ದೇವರ ದಯೆಯಿಂದ ಇದ್ದೇನೆ. ಇಂಥಲ್ಲಿ "ಕ್ಷೇಮ" ಎಂದು ಬರೆಯುವುದು ಕ್ರಮ. ಆ ಶಬ್ದವನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ, ಯಾಕೆಂದು ಮುಂದೆ ಹೇಳುತ್ತೇನೆ.

ತಡವಾಯಿತು, ಒಪ್ಪಿದೆ. ನೀನು ಫೋನಿಗೆ ಕಳಿಸಿದ್ದನ್ನೆಲ್ಲ ಓದಿದ್ದೇನೆ. ಒಂದಕ್ಕೂ ಉತ್ತರ ಕೊಡದೆ ಬರೇ ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿದೆ. ಅದಕ್ಕೆ ನೀನು ಸಿಟ್ಟಿನಲ್ಲಿ, "ಮಾಮ, ಅಕ್ಕನಿಗೆ ನಾಲ್ಕು ಸಾಲು ಹಾಡ್ಲಿಕ್ಕೆ ಪುರುಸೊತ್ತಿಲ್ಲದಷ್ಟು ದೊಡ್ಡ ಟೈಲರ್ ಆಗಿದ್ದೀರಾ?" ಎಂದು ಬರೆದೆ. ದೊಡ್ಡ ಟೈಲರ್ ಅಂತೂ ಹೌದು ಮಗಳೇ, ಅದರಲ್ಲಿ ಸಂಶಯ ಬೇಡ. ನಜ್ಮಾದಲ್ಲಿ ಹೊಲಿಯುವವರಿಗೇನೂ ಬರಗಾಲವಿಲ್ಲ. ಆದರೂ ಅಲ್ ಗರಾಫಾದ ಬಂಗಲೆಗಳವರು ಕಾರು ನಿಲ್ಲಿಸಲು ಜಾಗ ಸಿಗದೆ ಶಾಪ ಹಾಕುತ್ತಾ ಹುಡುಕಿಕೊಂಡು ಬರುವುದು ಈ ಡೆರಿಕನ ಕತ್ತರಿಯನ್ನೇ. ಆದರೆ ಪುರುಸೊತ್ತಿನ ಮಾತು ಮಾತ್ರ ನಿಜವಲ್ಲ. ನಿಜ ಏನೆಂಬುದನ್ನು ಆ ಗಾಜಿನ ಮೇಲೆ ಬೆರಳೊತ್ತಿ ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಕಾಗದ. ಇಲ್ಲಿ ಅಲ್ ವುಕೈರಿನಲ್ಲಿರುವ ನಮ್ಮೂರ ಡೊರೊತಿ ಭಾನುವಾರ ಊರಿಗೆ ಹೊರಟಿದ್ದಾಳೆ. ಇದನ್ನು ನಿನ್ನ ಕೈಗೇ ಕೊಡಬೇಕು, ನೀನು ಓದಿ ಮುಗಿಸುವ ತನಕ ಬಾಯಿ ಬಿಡಬಾರದು ಎಂದು ಅವಳಿಂದ ಆಣೆ ಹಾಕಿಸಿಕೊಂಡಿದ್ದೇನೆ. ಅವಳ ಬಾಯಿ ನಿನಗೆ ಗೊತ್ತೇ ಇದೆ. ಆದ್ದರಿಂದ ಬೇಗ ಓದು.

ನನ್ನ ಅಕ್ಷರ ನೋಡಿದೆಯಾ? ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರವೇ ಇದು! ನಮ್ಮ ಹೆಡ್‌ಮಾಸ್ಟರು, "ಡೆರಿಕ್, ನಿನ್ನ ತಲೆಯಲ್ಲಿ ಏನೂ ಇಲ್ಲ, ಇದ್ದದ್ದೆಲ್ಲ ಬೆರಳಿಗೆ ಇಳಿದಿದೆ" ಎಂದಿದ್ದರು. ಆ ಬೆರಳಿನಿಂದಲೇ ಇಪ್ಪತ್ತೆಂಟು ವರ್ಷ ಈ ಮರಳುಗಾಡಿನಲ್ಲಿ ಅನ್ನ ತಿಂದಿದ್ದೇನೆ.

ಇಲ್ಲಿಯ ಸುದ್ದಿ ಹೇಳುತ್ತೇನೆ. ಸೆಕೆ ಇಳಿದಿದೆ. ಸಂಜೆ ಅಂಗಡಿಯ ಬಾಗಿಲು ತೆರೆದಿಡಬಹುದು. ಪಕ್ಕದ ಕೆಫೆಟೇರಿಯಾದ ರಿಯಾಝ್ ನಿನಗೆ ಸಲಾಂ ಹೇಳಿದ್ದಾನೆ. ಉಳ್ಳಾಲದ ಹುಡುಗ, ಅವನ ಕರಕ್ ಚಾಯ ಕುಡಿದರೆ ಸತ್ತವನೂ ಎದ್ದು ಇನ್ನೊಂದು ಕೇಳುತ್ತಾನೆ. ನನ್ನ ಅಂಗಡಿಯಲ್ಲಿ ಇಸ್ತ್ರಿ ಹಾಕುವ ತನಿಯ ಕೂಡ ಚೆನ್ನಾಗಿದ್ದಾನೆ. ಪಡುಬಿದ್ರಿಯವನು, ಐವತ್ತು ದಾಟಿದ್ದಾನೆ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಹನ್ನೊಂದು ವರ್ಷದಿಂದ ನಾನು ಮಾತಾಡುವುದು, ಅವನು ಇಸ್ತ್ರಿ ತಿಕ್ಕುವುದು, ಹೀಗೆ ಸಂಸಾರ ನಡೆದಿತ್ತು. ಅವನನ್ನು ನೆನಪಿಟ್ಟುಕೋ.

ಇನ್ನು ಹಾಡಿನ ವಿಷಯ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ ಎಂದು ಮುಖ ಸೊಟ್ಟ ಮಾಡಬೇಡ. ನಿನಗೆ ಗೊತ್ತಿರುವುದು ಅರ್ಧ.

ನನ್ನ ಅಜ್ಜ ಮಂಗಳೂರಿನಲ್ಲಿ ಒಬ್ಬ ಇಂಗ್ಲಿಷ್ ದೊರೆಸಾನಿಯ ಬಂಗಲೆಯಲ್ಲಿ ಬಟ್ಲರ್ ಆಗಿದ್ದರು. ಆ ಮುದುಕಿ ದಿನಾ ದೀಪ ಹಚ್ಚುವ ಹೊತ್ತಿಗೆ ಆಳುಕಾಳುಗಳನ್ನೆಲ್ಲ ಚಾವಡಿಗೆ ಕರೆದು, ಬೈಬಲಿನ ಒಂದು ಕೀರ್ತನೆಯನ್ನು ಹಾಡಿಸುತ್ತಿದ್ದಳಂತೆ. ಯಾರಿಗೂ ಓದು ಬಾರದು. ಅವಳು ಒಂದು ಸಾಲು ಹೇಳಿಕೊಡುವುದು, ಇವರು ಅದನ್ನೇ ತೆಗೆದುಕೊಂಡು ಹಾಡುವುದು. ಆಮೇಲೆ ಮುಂದಿನ ಸಾಲು. ಇಂಗ್ಲಿಷಿನ ಅರ್ಥ ಒಬ್ಬರಿಗೂ ಗೊತ್ತಿಲ್ಲ, ಆದರೂ ಹಾಡಿದ್ದೇ ಹಾಡಿದ್ದು. ಅಜ್ಜ ಮಾತ್ರ ಚರ್ಚಿನ ಉಪದೇಶಿಯವರ ಹತ್ತಿರ ಅರ್ಥ ಕೇಳಿಕೊಂಡು, ಬೆರಳು ಮಡಿಚಿ ಮಡಿಚಿ, ಅದೇ ಅಳತೆಗೆ ಕನ್ನಡ ಮಾಡಿದರು. ಒಂದು ಸಾಲಿಗೆ ಎಂಟು ಅಕ್ಷರ, ಮುಂದಿನದಕ್ಕೆ ಆರು, ಪುನಃ ಎಂಟು, ಪುನಃ ಆರು. ಈಗ ನೀನೂ ಬೆರಳು ಮಡಿಚಿ ನೋಡು:

ಕರೆದಾಗ ಓಗೊಡಯ್ಯಾ,
ಇಕ್ಕಟ್ಟು ಬಿಡಿಸು;
ಮರೆಯದೆ ನನ್ನ ಮೊರೆ
ಕಿವಿಗೊಟ್ಟಾಲಿಸು.

ಶಾಂತಿಯಿಂದ ಮಲಗುವೆ,
ನಿದ್ದೆ ಮಾಡುವೆನು;
ಒಂಟಿಯಿದ್ದರೂ ನನ್ನನ್ನು
ಕಾಯುವವ ನೀನು.

ನಮ್ಮ ಮನೆಯಲ್ಲಿ ಈ ಹಾಡಿಲ್ಲದೆ ಯಾರೂ ಹಾಸಿಗೆಗೆ ಹೋದದ್ದಿಲ್ಲ. ಅಜ್ಜ ಸಾಲು ಹೇಳಿಕೊಡುತ್ತಿದ್ದರು, ಆಮೇಲೆ ಅಪ್ಪ. ಅಪ್ಪನಿಗೆ ದಮ್ಮು ಜೋರಾದ ವರ್ಷ ಆ ಕೆಲಸ ನನ್ನ ಪಾಲಿಗೆ ಬಂತು. ನನಗಾಗ ಹತ್ತೋ ಹನ್ನೊಂದೋ. ನಾನು ಸುಮ್ಮನೆ ಹೇಳಿಕೊಡುವವನಾ? "ಒಂಟಿಯಿದ್ದರೂ" ಎನ್ನುವಲ್ಲಿ ಸ್ವರವನ್ನು ಒಮ್ಮೆ ಮೇಲೆತ್ತಿ, ಅಲ್ಲೇ ಒಂದು ಗಿರಕಿ ಹೊಡೆಸಿ, ಕೆಳಗೆ ಬಿಡುತ್ತಿದ್ದೆ. ಅಪ್ಪ ಮೂಲೆಯಿಂದ ಕೆಮ್ಮುತ್ತಾ, "ಕೀರ್ತನೆಗೆ ಜುಟ್ಟು ಕಟ್ಟಬೇಡ, ಸೊಕ್ಕಿನವನೇ" ಎನ್ನುತ್ತಿದ್ದರು. ಸ್ಟೆಲ್ಲಕ್ಕ ಮಾತ್ರ ಆ ಗಿರಕಿಯನ್ನು ಹಾಗೆಯೇ ತೆಗೆದುಕೊಂಡು ಹಾಡುತ್ತಿದ್ದಳು, ಅಪ್ಪನಿಗೆ ಕಾಣದ ಹಾಗೆ ನನ್ನತ್ತ ಒಂದು ಕಣ್ಣು ಮಿಟುಕಿಸಿ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ ಅಲ್ಲವಾ? ಹಾಡು ಮುಗಿದ ಕೂಡಲೇ ಅವಳ ಮೊದಲ ಮಾತು, "ಡೆರಿಕಾ, ಉಂಡಿಯಾ?" ನನ್ನ ಉತ್ತರ, "ಉಂಡೆ, ನಿನ್ನ ಪಾಲೂ ಉಂಡೆ." ದಿನವೂ ಅದೇ ಪ್ರಶ್ನೆ, ಅದೇ ಉತ್ತರ, ತಲೆಗೆ ಅದೇ ಮೊಟಕು.

ಈ ವರ್ಷದ ಆರಂಭದಲ್ಲಿ ನೀನು ಅತ್ತುಕೊಂಡು ಫೋನ್ ಮಾಡಿದ್ದು ನೆನಪುಂಟು. "ಮಾಮ, ಅಮ್ಮ ನನ್ನನ್ನು ಟೀಚರ್ ಅಂತ ಕರೀತಾಳೆ. ಸಂಜೆ ಆದ್ರೆ ಮಂಚದಲ್ಲಿ ಕೂತು, ಕೈಮುಗಿದು, ಬಾಯಿ ಅರ್ಧ ತೆರೆದು ಕಾಯ್ತಾಳೆ. ಎಷ್ಟು ಹೇಳಿದ್ರೂ ಮಲಗುವುದಿಲ್ಲ" ಎಂದೆ. ನನಗೆ ತಕ್ಷಣ ಗೊತ್ತಾಯಿತು. ಅವಳು ಸಾಲಿಗೆ ಕಾಯುತ್ತಿದ್ದಳು. ಅವಳಿಗೆ ಹಾಡು ಪೂರ್ತಿ ಬರುತ್ತದೆ, ಆದರೆ ಯಾರಾದರೂ ಹೇಳಿಕೊಡದೆ ತಾನಾಗಿ ಎತ್ತುವವಳಲ್ಲ. ನಮ್ಮ ಮನೆಯ ಕ್ರಮವೇ ಹಾಗೆ.

ಮೊದಲ ದಿನ ನೀನು ವಿಡಿಯೋ ಹಾಕಿದೆ. ಅಕ್ಕ ನನ್ನ ಮುಖವನ್ನು ಹತ್ತಿರದಿಂದ ನೋಡಿ, "ಈ ಮುದುಕ ಯಾರು? ಹಲ್ಲು ಕಿರೀತಾ ಇದ್ದಾನಲ್ಲ!" ಎಂದಳು. ನೀನು ನಕ್ಕೆ. ನಾನೂ ನಕ್ಕೆ. ಆಮೇಲೆ ವಿಡಿಯೋ ಬೇಡವೆಂದು ಬರೇ ಸ್ವರ ಮಾತ್ರ ಇಟ್ಟುಕೊಂಡೆವು. ನಾನು, "ಕರೆದಾಗ ಓಗೊಡಯ್ಯಾ" ಎಂದದ್ದೇ ತಡ, ಅಕ್ಕ ಹಿಂದಿನಿಂದ ಬಂದಳು ನೋಡು! ಮುದುಕಿಯ ಸ್ವರ, ಆದರೆ ದಾರಿ ಒಂದಿಷ್ಟೂ ತಪ್ಪಲಿಲ್ಲ. ಗಿರಕಿ ಕೂಡ ಹೊಡೆದಳು. ಮುಗಿದ ಮೇಲೆ, "ಡೆರಿಕಾ, ಉಂಡಿಯಾ?"

ಅವತ್ತಿನಿಂದ ಮೂಲ್ಕಿಯಲ್ಲಿ ಸಂಜೆ ಏಳು, ಇಲ್ಲಿ ನಾಲ್ಕೂವರೆ, ನಮ್ಮ ಪ್ರಾರ್ಥನೆ. ಫೋನಿನಲ್ಲಿ ಮಾತು ತಲುಪುವುದು ಸ್ವಲ್ಪ ತಡವಲ್ಲವಾ? ಬೇರೆ ಹಾಡಾದರೆ ಇಬ್ಬರೂ ಒಟ್ಟಿಗೆ ಹಾಡಲಿಕ್ಕಾಗದು, ಕೆಸರಿನಲ್ಲಿ ಓಡಿದ ಹಾಗಾಗುತ್ತದೆ. ಇದರಲ್ಲಿ ಹೇಗೂ ಒಬ್ಬರು ಹೇಳಿ ನಿಲ್ಲಬೇಕು. ಆ ತಡವೆಲ್ಲ ನಿಲ್ಲುವುದರ ಒಳಗೇ ಅಡಗಿಹೋಗುತ್ತಿತ್ತು. ಕತಾರೂ ಮೂಲ್ಕಿಯೂ ಒಂದೇ ಚಾವಡಿ ಅನ್ನಿಸುತ್ತಿತ್ತು. ರಿಯಾಝ್ ಆ ಹೊತ್ತಿಗೆ ಜ್ಯೂಸಿನ ಮಿಕ್ಸಿ ನಿಲ್ಲಿಸಿ ಕೂಗುವನು, "ಯಲ್ಲಾ ಡೆರಿಕಣ್ಣ, ಮಿಕ್ಸಿ ಬಂದ್! ನಿಮ್ಮದು ಸುರು ಮಾಡಿ." ಗಿರಾಕಿಗಳು ಮಾವಿನ ಹಣ್ಣಿನ ಜ್ಯೂಸಿಗೆ ಕಾಯುವರು. ತನಿಯ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಆರುವ ತನಕ ಕೈಕಟ್ಟಿ ನಿಲ್ಲುವನು.

ಇದೇ ಹೊತ್ತಿನಲ್ಲಿ ಒಂದು ದಿನ ಗರಾಫಾದ ಹಿಲರಿ ಮೇಡಂ ಬಂದರು. ಇಂಗ್ಲೆಂಡಿನವರು, ಶಾಲೆಯಲ್ಲಿ ಸಂಗೀತ ಕಲಿಸುತ್ತಾರೆ, ಅವರ ಹಾಡುಗಾರರ ನಿಲುವಂಗಿಗಳ ಅಂಚು ಮಡಿಚಲು ಕೊಟ್ಟಿದ್ದರು. ಹಾಡು ಮುಗಿಯುವ ತನಕ ಬಾಗಿಲಲ್ಲೇ ನಿಂತರು. ಆಮೇಲೆ, ಈ ರಾಗ ನಿನಗೆ ಎಲ್ಲಿ ಸಿಕ್ಕಿತು ಎಂದು ಕೇಳಿದರು. ನಮ್ಮ ಅಜ್ಜನದು ಎಂದೆ. ಅವರು ನಕ್ಕು, ನಿನ್ನ ಅಜ್ಜನಿಗಿಂತ ನಾನೂರು ವರ್ಷ ಹಳೆಯದು ಎಂದರು. ನನ್ನ ಇಂಗ್ಲಿಷಿಗೆ ಸಿಕ್ಕಿದಷ್ಟು ಹೇಳುತ್ತೇನೆ. ಅವರ ದೇಶದಲ್ಲಿ ಹಿಂದೆ ಕೀರ್ತನೆಗಳೆಲ್ಲ ಪಾದ್ರಿಗಳ ಬಾಯಲ್ಲಿ ಲ್ಯಾಟಿನ್ ಭಾಷೆಯಲ್ಲಿದ್ದವಂತೆ. ಆಗ ರಾಜನ ಬಟ್ಟೆಬರೆ ನೋಡಿಕೊಳ್ಳುತ್ತಿದ್ದ ಒಬ್ಬ ಮನುಷ್ಯ ಅವನ್ನು ಸಾಮಾನ್ಯ ಜನರ ಹಾಡಿನ ಅಳತೆಗೆ ಕತ್ತರಿಸಿ ಇಂಗ್ಲಿಷಿನಲ್ಲಿ ಬರೆದನಂತೆ. ಎಂಟು, ಆರು, ಎಂಟು, ಆರು. ಆಮೇಲೆ ನೇಯುವವರು, ಚಪ್ಪಲಿ ಹೊಲಿಯುವವರು, ಅಡಿಗೆ ಮನೆಯ ಹೆಂಗಸರು ಎಲ್ಲರೂ ಮನೆಮನೆಯಲ್ಲಿ ಹಾಡಿದರಂತೆ. ಓದು ಬಾರದವರಿಗೆ ಚರ್ಚಿನಲ್ಲಿ ಒಬ್ಬ ಸಾಲು ಹೇಳಿಕೊಡುತ್ತಿದ್ದನಂತೆ, ನನ್ನ ಹಾಗೆ.

ಕೇಳಿದೆಯಾ ನಿಶ್ಮಿತಾ, ರಾಜನ ಬಟ್ಟೆ ನೋಡಿಕೊಳ್ಳುವವನು! ಅಂದರೆ ನಮ್ಮ ಜಾತಿಯವನೇ! ಕೀರ್ತನೆಯ ಅಳತೆ ತೆಗೆಯಲು ಪಂಡಿತರಿಂದಾಗಲಿಲ್ಲ, ಬಟ್ಟೆಯವನೇ ಬೇಕಾಯಿತು. ಮುಂದಿನ ಶುಕ್ರವಾರ ಚರ್ಚ್ ಕಾಂಪೌಂಡಿನಲ್ಲಿ ನಮ್ಮ ಕನ್ನಡ ಪ್ರಾರ್ಥನೆ ಮುಗಿದ ಮೇಲೆ ಎಲ್ಲರನ್ನೂ ನಿಲ್ಲಿಸಿ ಇದನ್ನು ಹೇಳಿದೆ. ಕೀಬೋರ್ಡ್ ನುಡಿಸುವ ಫ್ಲಾಯ್ಡ್, "ಅಂಕಲ್, ಈಗ ಸಾಲು ಸ್ಕ್ರೀನಿನಲ್ಲಿ ಬರ್ತದೆ. ಹೇಳಿಕೊಡುವ ಪೋಸ್ಟು ಖಲಾಸ್" ಎಂದ. ಸ್ಕ್ರೀನ್ ಕೆಟ್ಟುಹೋದ ದಿನ ನನ್ನ ಕಾಲು ಹಿಡಿಯಲು ಬರುತ್ತೀಯಾ ಎಂದೆ. ಎರಡೇ ವಾರಕ್ಕೆ ಅದು ಕೆಟ್ಟಿತು ಎಂದರೆ ನೀನು ನಂಬಲಿಕ್ಕಿಲ್ಲ. ನಾನು ವಯರು ಎಳೆದೆ ಎಂದು ಕೆಲವರು ಹೇಳುತ್ತಾರೆ. ಹೇಳಲಿ.

ಅದೇ ಸೊಕ್ಕಿನಲ್ಲಿ ಇನ್ನೊಂದು ಕೆಲಸ ಮಾಡಿದೆ. ಅಳತೆ ಒಂದೇ ಆದ್ದರಿಂದ ಒಂದು ಕೀರ್ತನೆಗೆ ಯಾವ ರಾಗವನ್ನೂ ತೊಡಿಸಬಹುದು, ಒಬ್ಬನ ಅಂಗಿ ಅದೇ ಮೈಕಟ್ಟಿನ ಇನ್ನೊಬ್ಬನಿಗೆ ಹಿಡಿಸುವ ಹಾಗೆ. ಹಿಲರಿ ಮೇಡಂ ಅಂಥದೊಂದು ಹಳೆಯ ರಾಗ ಕಲಿಸಿದ್ದರು. ಅಕ್ಕನಿಗೆ ತೋರಿಸೋಣ ಎಂದು ಒಂದು ಸಂಜೆ ನಮ್ಮ ಮಾತುಗಳನ್ನೇ ಆ ರಾಗದಲ್ಲಿ ಎತ್ತಿದೆ. ಆ ದಿನ ನಿನಗೆ ನೆನಪಿರಬೇಕು. ಅಕ್ಕ ತೆಗೆದುಕೊಳ್ಳಲಿಲ್ಲ. ಎರಡನೇ ಸಾಲು ಕೊಟ್ಟೆ. ಇಲ್ಲ. "ಟೀಚರ್, ಇವನು ಯಾರೋ ಬೇರೆ. ಫೋನ್ ಇಡು" ಎಂದದ್ದು ನನಗೆ ಸರಿಯಾಗಿ ಕೇಳಿಸಿತು. ನಾನು, "ಅಕ್ಕಾ, ನಾನೇ, ಡೆರಿಕ್!" ಎಂದೆ. "ನನ್ನ ತಮ್ಮನಿಗೆ ಹೀಗೆ ಹಾಡ್ಲಿಕ್ಕೆ ಗೊತ್ತಿಲ್ಲ" ಎಂದಳು. ನಮ್ಮ ರಾಗಕ್ಕೆ ಮರಳಿ, ಗಿರಕಿಯ ತನಕ ಹೋದ ಮೇಲೆಯೇ ಅವಳಿಗೆ ನಂಬಿಕೆ ಬಂದದ್ದು. ನಿನ್ನ ಮುಂದೆ ನಾನು ಅದನ್ನು ತಮಾಷೆ ಮಾಡಿದೆ. ಆದರೆ ಫೋನ್ ಇಟ್ಟ ಮೇಲೆ ತುಂಬ ಹೊತ್ತು ಸೂಜಿಗೆ ನೂಲು ಪೋಣಿಸಲಿಕ್ಕೆ ಆಗಲಿಲ್ಲ. ನನ್ನ ಮುಖ ಅವಳಿಂದ ಹೋಗಿತ್ತು, ಹೆಸರು ಹೇಳಿದರೂ ಸಾಲಲಿಲ್ಲ. ಅವಳ ಹತ್ತಿರ ಉಳಿದಿದ್ದ ಡೆರಿಕ್ ಅಂದರೆ ಆ ರಾಗ, ಆ ಗಿರಕಿ, ಅಷ್ಟೇ.

ಇನ್ನು ಸುತ್ತು ಬಳಸಿ ಹೋಗಲು ದಾರಿ ಉಳಿದಿಲ್ಲ.

ಬೇಸಗೆಯಿಂದಲೇ ನನ್ನ ಗಂಟಲು ಕೀರಲಾಗಿತ್ತು. ಏಸಿ, ಬಟ್ಟೆಯ ಧೂಳು ಎಂದುಕೊಂಡೆ. ರಿಯಾಝ್ ಕರಿಮೆಣಸಿನ ಕಷಾಯ ಮಾಡಿಕೊಟ್ಟ. ಕಡಿಮೆಯಾಗಲಿಲ್ಲ. ಸೆಪ್ಟೆಂಬರಿನಲ್ಲಿ ಡೊರೊತಿಯೇ ಹಿಡಿದೆಳೆದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮೂಗಿನಿಂದ ಕ್ಯಾಮೆರಾ ಇಳಿಸಿದರು, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಸ್ವರ ಹುಟ್ಟುವ ಪೆಟ್ಟಿಗೆಯಲ್ಲೇ ಗಡ್ಡೆ. ಕ್ಯಾನ್ಸರ್. ಪೆಟ್ಟಿಗೆಯನ್ನೇ ತೆಗೆಯಬೇಕು, ಇಲ್ಲವಾದರೆ ಜೀವಕ್ಕೆ ಬರುತ್ತದೆ ಎಂದರು. ಡಾಕ್ಟರು ಒಳ್ಳೆಯ ಹೆಂಗಸು, ತೃಶೂರಿನ ಕಡೆಯವರು. ಮೆಲ್ಲಗೆ ಕೇಳಿದರು, "ನಿಮ್ಮ ಕೆಲಸ ಏನು?"

"ಟೈಲರ್."

"ಹಾಗಾದರೆ ಕೆಲಸಕ್ಕೆ ತೊಂದರೆ ಆಗುವುದಿಲ್ಲ," ಎಂದು ಬರೆದುಕೊಂಡರು.

ನನಗೆ ಅವರಿಗೆ ಹೇಳಬೇಕು ಅನ್ನಿಸಿತು, ಟೈಲರ್ ಕೆಲಸ ಹೊಟ್ಟೆಗೆ, ನನ್ನ ಕೆಲಸ ಬೇರೆ ಉಂಟು ಎಂದು. ನಾನು, ಡೆರಿಕ್, ಬರೇ ತಲೆ ಅಲ್ಲಾಡಿಸಿ ಬಂದೆ.

ಅಕ್ಟೋಬರ್ ಮೊದಲ ವಾರ ನಾನು ನಿನಗೆ, "ಕೆಲಸ ಜಾಸ್ತಿ ಉಂಟು, ಒಂದೆರಡು ವಾರ ಫೋನ್ ಮಾಡ್ಲಿಕ್ಕೆ ಆಗುವುದಿಲ್ಲ" ಎಂದೆನಲ್ಲ, ಅದು ಆಪರೇಷನ್ನಿನ ಹಿಂದಿನ ದಿನ. ಅವತ್ತು ಸಂಜೆ ಸಾಲು ಹೇಳಿಕೊಡುವಾಗ ಗಂಟಲು ಎರಡು ಸಲ ಒಡೆಯಿತು. ಗಿರಕಿ ಮಾತ್ರ ಬಿಡಲಿಲ್ಲ. ಅಕ್ಕ "ಉಂಡಿಯಾ" ಎಂದಳು. "ಉಂಡೆ, ನಿನ್ನ ಪಾಲೂ ಉಂಡೆ" ಎಂದೆ. ಅವಳು ನಕ್ಕಳು. ನನ್ನ ಸ್ವರದ ಕೊನೆಯ ಕೆಲಸ ಅದು. ಇನ್ನೂ ಏನಾದರೂ ದೊಡ್ಡದು ಹೇಳಬಹುದಿತ್ತೋ ಏನೋ. ಹೊಳೆಯಲಿಲ್ಲ.

ಈಗ ನನ್ನ ಕುತ್ತಿಗೆಯಲ್ಲಿ ಕೋಟಿನ ಗುಂಡಿಯಷ್ಟು ಒಂದು ತೂತು ಉಂಟು. ಉಸಿರಾಟ ಅದರಿಂದಲೇ. ಅದಕ್ಕೊಂದು ಪಟ್ಟಿ ನಾನೇ ಹೊಲಿದುಕೊಂಡಿದ್ದೇನೆ, ಒಳ್ಳೆಯ ಮಲ್ಮಲ್ ಬಟ್ಟೆ, ಅಂಚಿಗೆ ಕೈಹೊಲಿಗೆ. ಆಸ್ಪತ್ರೆಯ ನರ್ಸ್ ನೋಡಿ ಬೇರೆ ರೋಗಿಗಳಿಗೂ ಬೇಕೆಂದು ಕೇಳಿದಳು. ನೋಡು, ಅಲ್ಲಿಯೂ ಗಿರಾಕಿ! ಮುಂದೆ ಒಂದು ಯಂತ್ರ ಹಿಡಿದು ಮಾತಾಡಬಹುದಂತೆ. ಒಬ್ಬ ಸುಡಾನಿನವನು ತೋರಿಸಿದ. ಡಬ್ಬದೊಳಗೆ ಜೀರುಂಡೆ ಕೂತು ಮಾತಾಡಿದ ಹಾಗೆ ಕೇಳುತ್ತದೆ. ಅದರಲ್ಲಿ ಹಾಡು ಬರುವುದಿಲ್ಲ.

ನಾನು ಆಸ್ಪತ್ರೆಯಲ್ಲಿರುವಾಗ ನಿನ್ನ ಬರಹಗಳು ಬಂದವು. ಹಳೆಯ ಒಂದು ಫೋನ್ ಕರೆಯನ್ನು ರೆಕಾರ್ಡ್ ಮಾಡಿದ್ದೆಯಂತೆ, ಅದನ್ನು ಹಾಕಿದೆಯಂತೆ. ಅಮ್ಮ ಅರ್ಧ ಸಾಲಿನಲ್ಲಿರುವಾಗ ರೆಕಾರ್ಡಿನ ಮಾಮ ಮುಂದಿನ ಸಾಲಿಗೆ ಹೋಗಿಬಿಟ್ಟರು, ಅಮ್ಮ ಅತ್ತಳು ಎಂದು ಬರೆದೆ. ಆಗಲೇಬೇಕು. ರೆಕಾರ್ಡಿಗೆ ಅಕ್ಕನ ಉಸಿರು ಎಲ್ಲಿ ಕಾಣಬೇಕು? ಅವಳು ಒಂದು ದಿನ ಬೇಗ ಮುಗಿಸುತ್ತಾಳೆ, ಒಂದು ದಿನ ನಡುವೆ ನಿಂತು ಕಿಟಕಿ ನೋಡುತ್ತಾಳೆ. ಅವಳು ಮರಳಿ ಬರುವ ತನಕ ನಿಲ್ಲುವ ಮನುಷ್ಯ ಬೇಕು. "ಕೂತಲ್ಲೇ ತೂಕಡಿಸ್ತಾಳೆ ಮಾಮ, ಮಲಗಿಸಲು ಹೋದ್ರೆ ಕೈ ತಳ್ಳಿ ಪುನಃ ಕೂತುಕೊಳ್ತಾಳೆ" ಎಂಬುದನ್ನು ಓದಿದ ದಿನ ನಾನು ಫೋನನ್ನು ಡೊರೊತಿಯ ಕೈಗೆ ಕೊಟ್ಟೆ, ನನ್ನ ಹತ್ತಿರ ಇಡಬೇಡ ಎಂದು ಬರೆದು ತೋರಿಸಿ.

ಅಂಗಡಿಗೆ ಮರಳಿದ ದಿನ ನಡೆದದ್ದನ್ನು ಕೇಳು. ಮಾತಿಲ್ಲದ ಟೈಲರ್ ಹೇಗೆ ವ್ಯಾಪಾರ ಮಾಡುವುದು? ಬಟ್ಟೆಗೆ ಗುರುತು ಹಾಕುವ ಬಿಳಿ ಚಾಕಿನಿಂದ ಕಪ್ಪು ಬಟ್ಟೆಯ ತುಂಡಿನ ಮೇಲೆ ಬರೆದು ತೋರಿಸುತ್ತೇನೆ. ಆ ಸಂಜೆ ನಾಲ್ಕೂವರೆಗೆ ಪಕ್ಕದ ಮಿಕ್ಸಿ ನಿಂತಿತು. ಕೂಗು ಇಲ್ಲ, ಯಲ್ಲಾ ಇಲ್ಲ, ಸುಮ್ಮನೆ ನಿಂತಿತು. ನಾನಿಲ್ಲದ ದಿನಗಳಲ್ಲೂ ರಿಯಾಝ್ ಆ ಹೊತ್ತಿಗೆ ನಿಲ್ಲಿಸುತ್ತಿದ್ದನಂತೆ. ಆ ನಿಶ್ಶಬ್ದದಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ನಿನ್ನ ಹೆಸರು. ಒಮ್ಮೆ ನಿಂತಿತು, ಪುನಃ ಹೊಡೆಯಿತು. ತನಿಯ ಇಸ್ತ್ರಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದ. ನಾನು ಬಟ್ಟೆಯ ಮೇಲೆ ಬರೆದೆ: "ನೀನು ಹೇಳು."

ತನಿಯ ಓದಿ, ಒಂದು ಹೆಜ್ಜೆ ಹಿಂದೆ ಹೋದ. "ಎಂಥದ್ದು ಡೆರಿಕಣ್ಣ! ನಾನು ದೈವಕ್ಕೆ ನಡ್ಕೊಳ್ಳುವವ. ನಾನು ಹೇಳಿದ್ರೆ ನಿಮ್ಮ ದೇವರಿಗೆ ಬೇಜಾರಾಗುವುದಿಲ್ವಾ?"

ಬರೆದೆ: "ಬೇಜಾರಾದರೆ ನಾನು ನೋಡಿಕೊಳ್ಳುತ್ತೇನೆ. ಎತ್ತು."

ಅವನು ಕೈಯನ್ನು ಅಂಗಿಗೆ ಒರೆಸಿಕೊಂಡು ಫೋನ್ ತೆಗೆದು ಸ್ಪೀಕರ್ ಹಾಕಿದ. ಹಲೋ ಎನ್ನಲಿಲ್ಲ. ಕಣ್ಣು ಮುಚ್ಚಿ ನೇರವಾಗಿ, "ಕರೆದಾಗ ಓಗೊಡಯ್ಯಾ" ಎಂದ. ನನ್ನ ಸ್ವರವಲ್ಲ ಅದು, ಸ್ವಲ್ಪ ದಪ್ಪ. ಆದರೆ ದಾರಿ ನನ್ನದೇ. ಅಕ್ಕ ಸಾಲು ತೆಗೆದುಕೊಳ್ಳಲಿಲ್ಲ. ತನಿಯನ ಹಣೆಯಲ್ಲಿ ಬೆವರು. ಅವನು ಅವಸರ ಮಾಡಲಿಲ್ಲ, ಎರಡನೇ ಸಾಲಿಗೆ ಹೋಗಲಿಲ್ಲ, ನಿಂತ. ಆಮೇಲೆ ಎಲ್ಲಿಂದಲೋ ಅಕ್ಕ ಬಂದಳು, "ಕರೆದಾಗ ಓಗೊಡಯ್ಯಾ..." ಎಂದು. ಹಾಗೆ ಒಂದೊಂದೇ ಸಾಲು. "ಒಂಟಿಯಿದ್ದರೂ" ಬಂದಾಗ ನಾನು ಉಸಿರು ಹಿಡಿದೆ. ಕುತ್ತಿಗೆಯ ತೂತಿನಲ್ಲಿ ಉಸಿರು ಹಿಡಿಯುವುದು ಸುಲಭವಲ್ಲ ಮಗಳೇ. ತನಿಯ ಸ್ವರವನ್ನು ಮೇಲೆತ್ತಿದ, ಗಿರಕಿ ಹೊಡೆಸಿದ, ಕೆಳಗೆ ಬಿಟ್ಟ. ಅಪ್ಪ ಬೈಯುತ್ತಿದ್ದ ಅದೇ ಜುಟ್ಟು. ಅಕ್ಕ ಅದನ್ನು ಹಾಗೆಯೇ ತೆಗೆದುಕೊಂಡಳು.

ಹೇಗೆ ಕಲಿತೆ ಎಂದು ಬರೆದು ಕೇಳಿದೆ. "ಕಲಿಯುವುದು ಎಂಥ? ದಿನಾ ಕೇಳಿದ್ದಲ್ವಾ," ಎಂದ. ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು, ಅವನ ಲೆಕ್ಕಕ್ಕೆ ಒಂದು ವಾರದ ಮಾತನ್ನು ಒಮ್ಮೆಗೇ ಆಡಿದ. ಅವನ ತಾಯಿ ಪೂವಕ್ಕ ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹಾಡು ಹೇಳಿಕೊಡುತ್ತಿದ್ದಳಂತೆ. ಅವಳು ಒಂದು ಸಾಲು, ಕೆಸರಿನಲ್ಲಿ ಬಗ್ಗಿದ ಹೆಂಗಸರೆಲ್ಲ ಅದೇ ಸಾಲು. "ಹಿಂದೆ ಉಳಿದವಳು ತೆಗೆದುಕೊಳ್ಳುವ ತನಕ ಅಮ್ಮ ಮುಂದಿನದು ಎತ್ತುತ್ತಿರಲಿಲ್ಲ ಡೆರಿಕಣ್ಣ. ನಿಮ್ಮದೂ ಹಾಗೇ ಅಲ್ವಾ?" ಎಂದ. ಇಂಗ್ಲೆಂಡಿನ ರಾಜನ ಬಟ್ಟೆಯವನಿಂದ ಹೊರಟ ಹಾಡು ಪೂವಕ್ಕನ ಮಗನ ಬಾಯಿಗೆ ಬಂದಿತ್ತು. ಹಿಲರಿ ಮೇಡಂಗೆ ಇದನ್ನು ಹೇಳಿ ಜಂಬ ಕೊಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಜಂಬ ಹಾಗೇ ಉಳಿದಿದೆ, ಅದನ್ನು ಹೊರಗೆ ಹಾಕುವ ದಾರಿಯನ್ನು ಮಾತ್ರ ಕತ್ತರಿಸಿದ್ದಾರೆ.

ಆ ದಿನ ನೀನು ಬರೆದೆ, "ಮಾಮ, ಸ್ವರ ಭಾರವಾಗಿದೆ, ಶೀತವಾ? ಪರವಾಗಿಲ್ಲ. ಅಮ್ಮ ಮಲಗಿದಳು. ಥ್ಯಾಂಕ್ಸ್ ಮಾಮ. ನಾನು ಬೈದದ್ದಕ್ಕೆ ಸಾರಿ." ನಾನು ಪುನಃ ಹೆಬ್ಬೆರಳು ಕಳಿಸಿದೆ. ಅವತ್ತಿನಿಂದ ದಿನವೂ ನಿಮಗೆ ಸಾಲು ಕೊಡುತ್ತಿರುವವನು ತನಿಯ. ಇದನ್ನು ನೀನು ಬೇರೆಯವರ ಬಾಯಿಂದ ಕೇಳಬಾರದು, ಅದಕ್ಕೇ ಈ ಕಾಗದ. ನೀನು ಬೈದದ್ದರಲ್ಲಿ ತಪ್ಪಿಲ್ಲ. ಗೊತ್ತಿದ್ದರೆ ಬೈಯುತ್ತಿರಲಿಲ್ಲ, ಗೊತ್ತಾಗದ ಹಾಗೆ ಮಾಡಿದವನು ನಾನೇ.

ಸೋಮವಾರದಿಂದ ನನಗೆ ಕರೆಂಟು ಕೊಡುತ್ತಾರೆ, ಅಂದರೆ ರೇಡಿಯೇಷನ್. ಅದು ಮುಗಿಯುವಾಗ ಕ್ರಿಸ್ಮಸ್ ಬರುತ್ತದೆ. ಕ್ರಿಸ್ಮಸ್ ದಾಟಿದ ಕೂಡಲೇ ಊರಿಗೆ ಬರುತ್ತೇನೆ. ಗಂಜಿ ಮೆತ್ತಗೆ ಬೇಯಿಸಿಡು, ಮೀನಿನ ಮುಳ್ಳು ತೆಗೆದಿಡು. ನನ್ನನ್ನು ಕಂಡು ಅಳುವುದಾದರೆ ಬಸ್‌ಸ್ಟ್ಯಾಂಡಿನಲ್ಲೇ ಅತ್ತು ಮುಗಿಸು, ಮನೆಯಲ್ಲಿ ಬೇಡ. ಒಂದು ಕೆಲಸ ಈಗಿನಿಂದಲೇ ಶುರು ಮಾಡು. ಸಂಜೆ ಫೋನ್ ಹಿಡಿದು ಸುಮ್ಮನೆ ಕೂತಿರಬೇಡ, ಅಮ್ಮನ ಜೊತೆ ನೀನೂ ಸಾಲು ತೆಗೆದುಕೋ. ಸ್ವರ ಚೆನ್ನಾಗಿಲ್ಲ ಎಂದು ನಾಚಬೇಡ. ಈ ಹಾಡು ಮಾಡಿದ್ದೇ ಸ್ವರ ಚೆನ್ನಾಗಿಲ್ಲದವರಿಗೆ. ಗಿರಕಿ ಬಾರದಿದ್ದರೆ ತನಿಯ ಪುನಃ ಹೇಳಿಕೊಡುತ್ತಾನೆ, ನಿಲ್ಲುತ್ತಾನೆ.

ಅಕ್ಕನ ಹಣೆಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ನಮ್ಮನ್ನೆಲ್ಲ ಇಷ್ಟು ದೂರ ತಂದವನು ನಿನ್ನ ಕೈಗೆ ಬಲ ಕೊಡಲಿ, ನಿನ್ನ ನಿದ್ದೆಗೆ ಭಂಗ ಬಾರದಿರಲಿ, ನಿನ್ನ ಮನೆಯಲ್ಲಿ ಸಂಜೆ ಸ್ವರವಿಲ್ಲದೆ ಕಳೆಯದಿರಲಿ.

ಇಂತು, ನಜ್ಮಾದ ಅತ್ಯುತ್ತಮ ಟೈಲರ್ (ಇದನ್ನು ಯಾರು ಬೇಕಾದರೂ ಬಂದು ಕೇಳಬಹುದು),
ನಿನ್ನ ಪ್ರೀತಿಯ
ಡೆರಿಕ್ ಮಾಮ

ಮರೆತದ್ದು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡು ಮೇಲೆ ಸಹಿ ಹಾಕಿದ್ದೆ.

ತನಿಯ ಮೊದಲ ದಿನ ಹಾಡಿ ಮುಗಿಸಿದ ಮೇಲೆ ಅಕ್ಕ, "ಡೆರಿಕಾ, ಉಂಡಿಯಾ?" ಎಂದಳು. ನಾನು ಬಾಯಿ ತೆರೆದೆ. ಪಟ್ಟಿಯ ಅಡಿಯಿಂದ ಗಾಳಿ ಬಂತು, ಅಷ್ಟೇ. ತನಿಯ ನನ್ನ ಮುಖ ನೋಡಿ, ಗಾಬರಿಯಲ್ಲಿ "ಉಂಡೆ ಅಕ್ಕ" ಎಂದ. ಅವಳು ನಗಲಿಲ್ಲ. ಮರುದಿನ ನಾನು ಚಾಕಿನಿಂದ, "ನಿನ್ನ ಪಾಲೂ ಉಂಡೆ" ಎಂದು ಬರೆದು ಅವನ ಮುಂದಿಟ್ಟೆ. ಹಾಗೆಯೇ ಹೇಳಿದ. ಅಕ್ಕ ನಕ್ಕಳು. ಈಗ ದಿನವೂ ನಗುತ್ತಾಳೆ. ನಾನು ಗುಂಡಿ ಹೊಲಿಯುತ್ತಾ ಪಕ್ಕದಲ್ಲಿ ಕೂತು ಕೇಳುತ್ತೇನೆ.

ನಾನು ಬಂದಾಗ, "ಅಮ್ಮಾ, ಡೆರಿಕ್ ಮಾಮ ಬಂದ್ರು" ಎಂದು ಹೇಳಬೇಡ. ಅವಳು ನನ್ನನ್ನು ಹುಡುಕುತ್ತಾಳೆ, ಸಿಗುವುದಿಲ್ಲ. ಕುತ್ತಿಗೆಗೆ ಬಟ್ಟೆ ಕಟ್ಟಿದ ಯಾರೋ ಮುದುಕ ಬಂದಿದ್ದಾನೆ ಎಂದುಕೊಳ್ಳಲಿ. ನನ್ನ ಫೋನನ್ನು ಅಂಗಡಿಯಲ್ಲೇ ಬಿಟ್ಟು ಬರುತ್ತೇನೆ, ಸಂಜೆ ಏಳಕ್ಕೆ ಎಂದಿನ ಹಾಗೆ ಅದಕ್ಕೇ ಫೋನ್ ಮಾಡು. ತನಿಯ ಸಾಲು ಕೊಡುತ್ತಾನೆ. ನಾನು ಮಂಚದ ಕಾಲ ಬಳಿ ಕೂತು ನಿಮ್ಮ ಜೊತೆ ತುಟಿ ಆಡಿಸುತ್ತೇನೆ.

ಆಮೇಲೆ ಅಕ್ಕ ಫೋನಿಗೆ ಬಾಯಿಟ್ಟು "ಡೆರಿಕಾ" ಎಂದು ಕರೆಯುತ್ತಾಳಲ್ಲ, ಆಗ ನೀನು ನನ್ನ ಕಡೆ ನೋಡಬೇಡ ಮಗಳೇ.